ಸಿಪ್ಪೆ ಇಲ್ಲದ ಪಾಯಸ

ಅಲ್ಲ ಪುರುಷು, ಪಾಯಸಕ್ಕೆ ಸಿಪ್ಪೆ ಎಲ್ಲಿಂದ ತರಲಿ ಹೇಳು? ಬಾಳೆಹಣ್ಣಿಗೆ ದೇವರು ಸಿಪ್ಪೆ ಕೊಟ್ಟ, ಮೊಟ್ಟೆಗೆ ಕೊಟ್ಟ, ಎಳನೀರಿಗಂತೂ ಕತ್ತಿ ಮುರಿಯೋ ಹಾಗೆ ಕೊಟ್ಟ. ಪಾಯಸ ಮಾಡಿದೋಳು ನಿನ್ನ ಜಾನಕಿ ಚೇಚಿ. ನಿನ್ನ ಅಕ್ಕನಿಗೆ ಅಷ್ಟೆಲ್ಲ ಸಾಮರ್ಥ್ಯ ಇಲ್ಲಪ್ಪ. ತಿನ್ನು, ಆರಿಹೋಗುತ್ತೆ.

ಯಾಕೆ ಬಟ್ಟಲೊಳಗೇ ಇಣುಕ್ತೀಯ? ಗೋಡಂಬಿ ಹುಡುಕ್ತಿದೀಯಾ? ತಳದಲ್ಲಿದೆ. ನಿನಗೇ ಅಂತ ಎಲ್ಲಾ ತಳಕ್ಕೆ ಹಾಕಿದೀನಿ.

ಈ ವಾರವೆಲ್ಲ ನೋಡ್ತಿದೀನಿ, ಮತ್ತೆ ಶುರು ಹಚ್ಕೊಂಡಿದೀಯ. ಪುಟ್ಟು ಬೇಡ, ಮೀನುಸಾರು ಬೇಡ, ಚಹಾ ಬೇಡ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಎಳನೀರು. ಅದೂ ನಾನು ಸುಲಿದು ಕೊಟ್ಟರೆ ಮುಟ್ಟಲ್ಲ. ಅಂಗಳದಲ್ಲಿ ಬಿದ್ದಿರೋ ಸಿಪ್ಪೆ ನೋಡಿ ಪೋಸ್ಟ್‌ಮ್ಯಾನ್ ಕೇಳ್ತಾನೆ, "ಏನು ಜಾನಕಿ ಚೇಚಿ, ಮನೇಲಿ ಕೋತಿ ಸಾಕಿದೀರಾ?" ಅಂತ. "ಹೂಂ, ಒಡಹುಟ್ಟಿದ ಕೋತಿ" ಅಂದೆ... ನಗು ಬಂತಾ? ಬರಲಿ, ಬರಲಿ. ಬಾಯಿ ಹೇಗೂ ತೆರೆದಿದೆ, ಒಂದು ಚಮಚ ಹಾಕ್ಕೊಂಡುಬಿಡು.

ಮುಚ್ಚಿದೆಯಾ? ಸರಿ.

ಹೋದ ವರ್ಷಾನೂ ಹೀಗೇ ತಾನೇ ಶುರುವಾಗಿದ್ದು? ಊರಿಗೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಡೋನು ನೀನು. ಕಡೆಗೆ ನಿನ್ನ ಸ್ಪೀಕರ್ ಪೆಟ್ಟಿಗೇನೇ ನಿನ್ನ ಹತ್ತಿರ ಮಾತಾಡೋಕೆ ಕೂತ್ಕೊಳ್ತು. ವೈರ್ ಕಿತ್ತರೂ ಮಾತು ನಿಲ್ತಿಲ್ಲ ಅಂದೆ. ನಾನೆಂಥ ದಡ್ಡಿ, ರಿಪೇರಿಯವನನ್ನ ಕರೆಸಿದೆ. ಅವನು ಪೆಟ್ಟಿಗೆ ಬಿಚ್ಚಿ, ಎರಡು ಜಿರಲೆ ಹಿಡಿದು ಹೊರಗೆ ಹಾಕಿ, "ಇನ್ನು ಮಾತಾಡಲ್ಲ" ಅಂದ. ಎಲ್ಲಿಂದ? ಅವತ್ತು ಸಂಜೇನೇ ಹೇಳ್ತಂತೆ, ಚೇಚಿ ನಿನ್ನ ಊಟದಲ್ಲಿ ಏನೋ ಬೆರೆಸ್ತಾಳೆ ಅಂತ. ಆಗಲೇ ಅಲ್ವಾ ನೀನು ಮೊದಲ ಸಲ ಸಿಪ್ಪೆ ಹಿಡಿದದ್ದು?

ಎಷ್ಟು ಅತ್ತೆ ಗೊತ್ತಾ ಆಗ? ಉಪ್ಪು ಬಿಟ್ಟು ಬೇರೇನೂ ಬೆರೆಸಿದೋಳಲ್ಲ ನಾನು. ಅದೂ ಕಡಿಮೆ ಅಂತ ನೀನೇ ಬೈತಿದ್ದೆ. ಕಲ್ಲಿಕೋಟೆ ಆಸ್ಪತ್ರೇಲಿ ಡಾಕ್ಟರಮ್ಮ ನಿನ್ನೆದುರಿಗೇ ಹೇಳಿದ್ರಲ್ಲ, "ಅದು ಕಾಯಿಲೆ ಆಡೋ ಮಾತು ಪುರುಷೋತ್ತಮನ್, ನಿಮ್ಮ ಅಕ್ಕ ಏನೂ ಬೆರೆಸೋದಿಲ್ಲ" ಅಂತ. ನೀನು ನಂಬಿದೆ. ಮಾತ್ರೆ ತಗೊಂಡೆ. ಪೆಟ್ಟಿಗೆ ಬಾಯಿ ಮುಚ್ತು. ಓಣಂಗೆ ನೀನೇ ಏಣಿ ಹತ್ತಿ ಮೈಕ್ ಕಟ್ಟಿದೆ. ಆ ಹಾಳು ಮೈಕ್ ಸದ್ದು ಕೇಳಿ ಅಷ್ಟು ಖುಷಿಪಟ್ಟೋಳು ಊರಲ್ಲಿ ನಾನೊಬ್ಬಳೇ.

ಆಮೇಲೆ ಏನಾಯ್ತೋ ನಿನಗೆ? ಕೈ ನಡುಗುತ್ತೆ, ವೈರ್ ಹಿಡಿಯೋಕಾಗಲ್ಲ, ಇನ್ನು ಮಾತ್ರೆ ಮುಟ್ಟಲ್ಲ ಅಂದುಬಿಟ್ಟೆ... ಹೋಗಲಿ, ಅದೆಲ್ಲ ಈಗ ಯಾಕೆ. ತಿನ್ನು.

ಏಯ್, ಏಯ್, ಬೆಕ್ಕಿಗೆ ಇಡಬೇಡ!

ಏನಿಲ್ಲ. ಸುಮ್ಮನೆ. ಬೆಕ್ಕಿಗೆ ಬೆಲ್ಲ ಆಗಿಬರಲ್ಲ. ಯಾಕೆ ಹುಬ್ಬು ಏರಿಸ್ತೀಯ? ಮೊನ್ನೆ ನಿನ್ನ ಮೀನುಸಾರು ತಿಂದು ಅದು ಮಲಗಿದ್ದು ಬಿಸಿಲಿಗೆ ಕಣೋ. ಇಲಿ ಅದರ ಬೆನ್ನು ಹತ್ತಿ ಇಳಿದು ಹೋಗಿದ್ದನ್ನ ನಾನೂ ನೋಡಿದೆ. ಅದಕ್ಕೂ ವಯಸ್ಸಾಗಬೇಡ್ವಾ?

ಈಗ ಯಾಕೆ ಪಕ್ಕದ ಮನೆ ಕಡೆ ಕೈ ತೋರಿಸ್ತೀಯ? ಗೋವಿಂದನ್ ಮೇಷ್ಟ್ರಾ? ನಿನಗಂತ ಎಲೆಯಲ್ಲಿ ಬೇಯಿಸಿಟ್ಟಿದ್ದ ಅಡೆ ಅವರು ಬಂದು ತಿಂದರು, ನಿಜ. ಸಂಜೆ ಪಾರ್ಟಿ ಮೀಟಿಂಗಲ್ಲಿ ಕೂತಲ್ಲೇ ಗೊರಕೆ ಹೊಡೆದರು, ಅದೂ ನಿಜ. ಭಾಷಣ ಮಾಡ್ತಿದ್ದಿದ್ದು ಕಾರ್ಯದರ್ಶಿ. ಆ ಭಾಷಣಕ್ಕೆ ನಿದ್ದೆ ಬರೋಕೆ ಅಡೆ ಬೇರೆ ತಿನ್ನಬೇಕಾ? ಎಲ್ಲರೂ ಎದ್ದು ಇಂಕ್ವಿಲಾಬ್ ಅಂತ ಕೂಗಿದಾಗ ಮೇಷ್ಟ್ರು ಬೆಚ್ಚಿ ಎದ್ದು, "ಸಾಂಬಾರು ಈ ಸಾಲಿಗೆ ಬರಲಿಲ್ಲ" ಅಂದರಂತೆ...

ನಗ್ತಾ ಇದ್ದೋನು ಯಾಕೆ ನಿಲ್ಲಿಸಿದೆ?

ಬಟ್ಟಲು ನನ್ನ ಕಡೆ ಯಾಕೆ ತಳ್ತೀಯ? ನಾನು ತಿನ್ನಲ್ಲಪ್ಪ, ನನಗೆ ಸಕ್ಕರೆ ಕಾಯಿಲೆ. ಆ ಲೋಟ ಯಾಕೆ ತೋರಿಸ್ತೀಯ? ಹೌದು, ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಹಾಕ್ಕೊಂಡೆ. ಕಾಯಿಲೆ ಬಂದಿದ್ದು... ಮಧ್ಯಾಹ್ನ.

ಪುರುಷು, ಏನಾದರೂ ಮಾತಾಡೋ. ಬೈಯಿ. ಬಟ್ಟಲು ಎತ್ತಿ ಅಂಗಳಕ್ಕೆ ಎಸಿ. ಹಾಗೆ ನೋಡಬೇಡ, ಅಮ್ಮ ನೋಡಿದ ಹಾಗಾಗುತ್ತೆ.

ಕೈ ಯಾಕೆ ಚಾಚ್ತೀಯ? ಏನು ಬೇಕು? ಏನೂ ಬೇಡವಾ? ನೋಡ್ಬೇಕಾ?

ನಡುಗ್ತಿದೆ.

ಮಾತ್ರೆ ಬಿಟ್ಟು ತಿಂಗಳಾಯ್ತು ನೀನು. ಬಿಟ್ಟ ಮೇಲೆ ನಡುಕ ನಿಂತಿತ್ತು. ಮತ್ತೆ ಯಾಕೆ...

ಹೂಂ. ಬೆರೆಸಿದೀನಿ.

ನಿನ್ನ ಮಾತ್ರೆ ಪುಡಿ ಮಾಡಿ, ಮೊದಲು ಚಹಾದಲ್ಲಿ. ಆಮೇಲೆ ಮೀನುಸಾರಲ್ಲಿ, ಅಡೆಯಲ್ಲಿ. ಇದರಲ್ಲೂ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಲೆಕ್ಕ ಹಾಕಿದೆ. ವಾಚನಾಲಯದ ಹತ್ತಿರ ಆಸ್ಪತ್ರೆ ಗಾಡೀಲಿ ಬರ್ತಾರಲ್ಲ ನರ್ಸ್ ರಮಣಿ, ಅವರು ಬೇಡ ಅಂದಿದ್ದರು. ಕದ್ದು ಕೊಡಬೇಡಿ, ಕೈ ನಡುಗಿದರೆ ಡಾಕ್ಟರು ಮಾತ್ರೆ ಬದಲಾಯಿಸಿ ನೋಡ್ತಾರೆ, ತಮ್ಮನನ್ನೇ ಕರಕೊಂಡು ಬನ್ನಿ ಅಂದಿದ್ದರು. ಬರ್ತೀಯಾ ಅಂತ ನಿನ್ನನ್ನ ಕೇಳಲೇ ಇಲ್ಲ ನಾನು. ಪೆಟ್ಟಿಗೆ ಮತ್ತೆ ನಿನ್ನನ್ನ ಎಳಕೊಂಡು ಹೋಗುತ್ತೆ ಅನ್ನೋ ಭಯ ಕಣೋ. ನೀನು ಸಿಪ್ಪೆ ಹಿಡಿದಾಗ, ಬಂತು ಕಾಯಿಲೆ ಅಂತ ಮತ್ತೆ ಬೆರೆಸಿದೆ. ಅದು ಕಾಯಿಲೆ ಅಲ್ಲ, ಅಲ್ವಾ? ನಿನ್ನ ನಾಲಿಗೆಗೆ ಕಹಿ ಗೊತ್ತಾಗಿತ್ತು.

ಪೆಟ್ಟಿಗೆ ಹೇಳಿದ್ದು ಸುಳ್ಳಾಗಿತ್ತು ಪುರುಷು. ಅದನ್ನ ನಾನು ನಿಜ ಮಾಡಿಬಿಟ್ಟೆ.

ಗುರುವಾರ ಗಾಡಿ ಬರುತ್ತೆ. ಬರ್ತೀಯಾ? ನಾನು ಬಾಯಿ ಬಿಡಲ್ಲ. ಕೈ ನೀನೇ ತೋರಿಸು, ಹೇಳೋದನ್ನ ನೀನೇ ಹೇಳು. ಪಾಯಸ ಚೆಲ್ತೀನಿ, ಬೆಕ್ಕಿಗೆ ಸಿಗದ ಹಾಗೆ.

ಎಲ್ಲಿಗೆ ಎದ್ದೆ? ಹಸಿವಾಯ್ತಾ? ತಗೋ, ಗೊನೇಲಿ ಇನ್ನೂ ಹಣ್ಣಿದೆ. ನೀನೇ ಸುಲಿದುಕೋ, ನಾನು ಆಚೆ ಹೋಗಿ ಕೂತ್ಕೋತೀನಿ.

ನನ್ನ ಕೈಗೆ ಯಾಕೆ ಕೊಡ್ತೀಯ? ಬೇಡ್ವಾ?

ನಾನು ಸುಲಿಬೇಕಾ? ನಾನೇ?

ಇರು... ಸ್ವಲ್ಪ ಇರು. ಈಗ ನನ್ನ ಕೈ ನಡುಗ್ತಿದೆ.