ಗುಂಡಿಯಡಿಯ ಆಟಿನ್ ಒಂಬತ್ತು

ಕದ್ದಿಲ್ಲ. ಇಸ್ಪೀಟ್ ಎಲೆ ಎತ್ತಿಕೊಂಡಿದ್ದು ನಿಜ, ಎಲ್ಲರ ಕಣ್ಣೆದುರಿಗೇ ಎತ್ತಿಕೊಂಡೆ, ಆದರೆ ಕದ್ದಿಲ್ಲ. ಈ ಮಾತು ಮೊದಲು ಬರೆಯಿರಿ, ಮಿಕ್ಕಿದ್ದು ಆಮೇಲೆ ಎಂದು ನಾನು ಹಟ ಹಿಡಿದಿದ್ದರಿಂದ ಠಾಣೆಯವರು ಹೀಗೆ ಮೊದಲಿಗೇ ಬರೆದುಕೊಂಡಿದ್ದಾರೆ.

ನಾನು, ಬೀದಿಯವರ ಬಾಯಲ್ಲಿ ಸೂಜಿ, ವಯಸ್ಸು ಹತ್ತೊಂಬತ್ತು. ಉದ್ಯೋಗ: ಬೈಕ್ ಸೀಟು, ಕುರ್ಚಿ, ಸೋಫಾಗಳಿಗೆ ರೆಕ್ಸಿನ್ ಹೊಲಿಯುವುದು. ಓದು ಏಳನೇ ಕ್ಲಾಸು. ಎಂಟಕ್ಕೆ ಹೋದವನು ಅರ್ಧಕ್ಕೇ ಬಿಟ್ಟೆ. ವಾಸ: ವರ್ಕ್‌ಶಾಪ್ ಬೀದಿಯ ಹಿಂದಿನ ಓಣಿ, ಅಕ್ಕ ಭಾವನ ಮನೆ, ಮಹಡಿಯ ಮೇಲೆ ನೀರಿನ ಟ್ಯಾಂಕಿಗೆ ಅಂಟಿದ ಕೋಣೆ. ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಬೀದಿಯಲ್ಲಿ ಬ್ಯಾಟರಿ ಅಂಗಡಿಯ ಮೇಲೆ ಒಂದು ರೂಮಿದೆ. ರಜೆಯ ದಿನ ಮಧ್ಯಾಹ್ನ ಅಂಗಡಿಯವರೆಲ್ಲ ಅಲ್ಲಿ ಸೇರಿ ಇಸ್ಪೀಟು ಆಡುತ್ತಾರೆ. ದುಡ್ಡು ಇಟ್ಟು ಆಡುವುದಿಲ್ಲ, ಸೋಫಾಗೆ ಹೊಡೆಯುವ ರೆಕ್ಸಿನ್ ಗುಂಡಿಗಳನ್ನು ಇಟ್ಟು ಆಡುತ್ತಾರೆ. ಆ ಗುಂಡಿಗಳನ್ನೆಲ್ಲ ಅಚ್ಚಿಗೆ ಹಾಕಿ ಒತ್ತಿದವನು ನಾನು. ಹೆಚ್ಚು ಗುಂಡಿ ಗೆದ್ದವನು ಮುಂದಿನ ರಜೆಯವರೆಗೆ ಅಲ್ಲಿ ಕೈಗಳಿರುವ ಒಂದೇ ಒಂದು ಕುರ್ಚಿಯಲ್ಲಿ ಕೂರಬಹುದು. ಆ ಕುರ್ಚಿಗೆ ಸ್ಪಂಜು ತುಂಬಿ ಹೊಲಿದವನೂ ನಾನೇ. ಆದರೆ ನಾನು ಇದುವರೆಗೆ ಆ ರೂಮಿಗೆ ಹೋಗುತ್ತಿದ್ದದ್ದು ರಿಪೇರಿಗೆ ಮಾತ್ರ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಮೊದಲು ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಈಗ ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅಂಗಡಿಯ ಮಾಲೀಕರನ್ನು ಎಲ್ಲರೂ ಬ್ಯಾಟರಿ ಅಣ್ಣ ಎನ್ನುತ್ತಾರೆ. ಈಗ ನನ್ನ ಮೇಲೆ ದೂರು ಕೊಟ್ಟಿರುವವರು ಅವರೇ. ನಮ್ಮ ಯಜಮಾನರು, ಅಂದರೆ ಸೀಟು ಅಂಗಡಿಯವರು, ಅವರ ಸ್ನೇಹಿತರು. ಯಜಮಾನರು ಹೋದ ತಿಂಗಳು ಅಂಗಡಿಯ ಕೀ ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ಶಟರ್ ಎತ್ತುವುದು, ಸಂಜೆ ಇಳಿಸುವುದು ನನ್ನ ಕೆಲಸವಾಯಿತು. ಅದುವರೆಗೆ ಯಾರೂ ನನಗೆ ಯಾವುದರ ಕೀಯನ್ನೂ ಕೊಟ್ಟಿರಲಿಲ್ಲ.

ಕೀ ಬಂದ ಮೇಲೆ ಭಾವನೇ ಹೇಳಿದ್ದು: "ಎರಡೆಲೆ ಆಟ ಎಲ್ರಿಗೂ ಬರುತ್ತೆ ಕಣೋ. ಮೂರೆಲೆ ಆಟ ಕಲ್ತ್ಕೋ. ಆ ರೂಮಲ್ಲಿ ಆಡೋದು ಅದನ್ನೇ. ಆಮೇಲೆ ನೋಡು, ನಿನ್ನನ್ನೂ ಮನುಷ್ಯ ಅಂತ ಮಾತಾಡಿಸ್ತಾರೆ."

ಊಟದ ಬಿಡುವಿನಲ್ಲಿ ನಮ್ಮ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಕಲಿಸಿದರು. ಕೈಗೆ ಮೂರು ಎಲೆ. ಮೇಜಿನ ನಡುವೆ ಐದು ಎಲೆ, ಅವು ಎಲ್ಲರಿಗೂ ಸೇರಿದ್ದು. ಮೊದಲು ಮೂರು ತೆರೆಯುತ್ತಾರೆ, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿ ಸಲವೂ ಗುಂಡಿ ಇಡಬೇಕು, ಇಲ್ಲವೇ ಆಟ ಬಿಡಬೇಕು. ಕೊನೆಗೆ ಕೈಯಲ್ಲಿರುವುದರಲ್ಲಿ ಹೆಚ್ಚೆಂದರೆ ಎರಡು, ಮಿಕ್ಕಿದ್ದು ನಡುವಿನಿಂದ, ಹೀಗೆ ಐದು ಎಲೆ ಜೋಡಿಸಬೇಕು. ನಾನು ಮೊದಮೊದಲು ಕೈಯಲ್ಲಿದ್ದ ಮೂರನ್ನೂ ಸೇರಿಸಿಬಿಡುತ್ತಿದ್ದೆ. ಭಾವ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಹೊಡೆದು, "ಮೂರು ಕಾಲಿನ ಪ್ಯಾಂಟ್ ಹೊಲೀತಿದ್ದೀಯೇನೋ?" ಎನ್ನುತ್ತಿದ್ದರು.

ಮೂರನೇ ಎಲೆಯ ವಿಷಯ. ಜಗಳವೆಲ್ಲ ಇಲ್ಲೇ ಇರುವುದರಿಂದ ಸರಿಯಾಗಿ ಬರೆದುಕೊಳ್ಳಿ. ನಡುವಿನ ಮೊದಲ ಮೂರು ಎಲೆ ತೆರೆದ ಮೇಲೆ, ಕೈಯಲ್ಲಿ ಬೇಡವೆನಿಸಿದ ಒಂದು ಎಲೆಯನ್ನು ಮುಖ ಕೆಳಗಾಗಿ ಮೇಜಿನ ಮೇಲಿಟ್ಟು, ಅದರ ಮೇಲೆ ಒಂದು ಗುಂಡಿ ಇಡಲು ಭಾವ ಹೇಳಿಕೊಟ್ಟರು. ಯಾಕೆ ಎಂದು ಕೇಳಿದೆ. "ಹಡಗು ಅಲ್ಲಾಡ್ತಾ ಇರುತ್ತಲ್ಲ, ಒಂದು ಕೈಲಿ ಟೀ, ಒಂದು ಕೈಲಿ ಎಲೆ. ಮೂರೂ ಹಿಡ್ಕೊಳ್ಳೋಕಾಗಲ್ಲ. ಕೆಳಗಿಟ್ರೆ ಜಾರುತ್ತೆ. ಅದಕ್ಕೇ ಭಾರ. ಆ ಎಲೆ ಮಲಗಿದೆ ಅಷ್ಟೇ ಕಣೋ, ಸತ್ತಿಲ್ಲ. ಕೊನೇಲಿ ಬೇಕು ಅನ್ಸಿದ್ರೆ ಎಬ್ಬಿಸ್ಕೋ, ಬದಲಿಗೆ ಇನ್ನೊಂದನ್ನ ಮಲಗ್ಸು" ಎಂದರು. ಅದೇ ಮಾತು. ನಾನು ಒಂದಕ್ಷರವೂ ಸೇರಿಸಿಲ್ಲ.

ಹೀಗೆ ಕಲಿಸುವಾಗ ಅಲ್ಲಿ ಬೇರೆ ಯಾರಾದರೂ ಇದ್ದರೇ ಎಂದು ತಾವು ಕೇಳಿದಿರಿ. ಅಕ್ಕ ಊಟದ ಡಬ್ಬಿ ತರುತ್ತಿದ್ದಳು. ನೋಡಿ ನಗುತ್ತಿದ್ದಳು, "ಇವನಿಗೆ ಕಲಿಸೋ ಬದ್ಲು ಆ ಹೊಲಿಗೆ ಮಿಷನ್ನಿಗೆ ಕಲ್ಸಿ, ಬೇಗ ಕಲಿಯುತ್ತೆ" ಎನ್ನುತ್ತಿದ್ದಳು. ಅವಳನ್ನು ಠಾಣೆಗೆ ಕರೆಸುವುದು ಬೇಡ. ಅವಳನ್ನು ನಾನು ಸಾಕ್ಷಿಗೆ ಎಳೆಯುವುದಿಲ್ಲ.

ನಿನ್ನೆ ರಜೆ. ಮಧ್ಯಾಹ್ನ ಮೂರು ಗಂಟೆಗೆ ಭಾವ ನನ್ನನ್ನು ರೂಮಿಗೆ ಕರೆದುಕೊಂಡು ಹೋದರು. ಮೇಜಿನ ಸುತ್ತ ಆರು ಜನ. ಬ್ಯಾಟರಿ ಅಣ್ಣ ಕೈಯಿರುವ ಕುರ್ಚಿಯಲ್ಲಿದ್ದರು. ನನ್ನನ್ನು ನೋಡಿ, "ಏನಪ್ಪಾ ಸೂಜಿ, ದಾರ ತಂದಿದ್ದೀಯಾ? ಎಲೆ ಹರಿದ್ರೆ ಹೊಲೀಬೇಕಾಗುತ್ತೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಜಮಾನರು ಸ್ಟೂಲ್ ತಳ್ಳಿ ಕೂರಿಸಿಕೊಂಡರು.

ಮೊದಲ ಕೆಲವು ಆಟಗಳಲ್ಲಿ ಕೆಟ್ಟ ಎಲೆ ಬಂದು ಬೇಗನೆ ಬಿಟ್ಟೆ. ಅಲ್ಲಿದ್ದವರೂ ಒಂದು ಎಲೆಯನ್ನು ಕೆಳಗಿಟ್ಟು ಮೇಲೆ ಗುಂಡಿ ಇಡುತ್ತಿದ್ದರು. ಭಾವ ಕಲಿಸಿದ್ದು ಹೇಗೋ ಹಾಗೆಯೇ ಇತ್ತು. ಹಾಗಾಗಿ ನಾನು ಏನನ್ನೂ ಕೇಳಲಿಲ್ಲ.

ಆಮೇಲೆ ನನಗೆ ಎರಡು ರಾಣಿ ಬಂತು, ಕೆಂಪು ಆಟಿನ್ನಿನದೊಂದು, ಕಪ್ಪು ಇಸ್ಪೀಟಿನದೊಂದು. ಜೊತೆಗೆ ಆಟಿನ್ ಒಂಬತ್ತು. ನಡುವೆ ಕಳಾವರ್ ರಾಣಿ, ಆಟಿನ್ ನಾಲ್ಕು, ಇಸ್ಪೀಟ್ ಏಳು ತೆರೆಯಿತು. ಮೂರು ರಾಣಿ ಆಯಿತಲ್ಲ ಎಂದು ಒಂಬತ್ತನ್ನು ಗುಂಡಿಯಡಿ ಮಲಗಿಸಿದೆ. ನಂತರ ಆಟಿನ್ ಎಂಟು, ಕೊನೆಗೆ ಆಟಿನ್ ಎರಡು ಬಿತ್ತು. ಅಷ್ಟರಲ್ಲಿ ಆಟದಲ್ಲಿ ಉಳಿದವರು ನಾನು ಮತ್ತು ಬ್ಯಾಟರಿ ಅಣ್ಣ. ಅವರು ಐದು, ಆರು ತೋರಿಸಿದರು. ನಡುವಿನ ನಾಲ್ಕು, ಏಳು, ಎಂಟು ಸೇರಿ ನಾಲ್ಕರಿಂದ ಎಂಟರವರೆಗೆ ಸಾಲು. ಸಾಲಿನ ಮುಂದೆ ಮೂರು ರಾಣಿ ನಡೆಯುವುದಿಲ್ಲ. ಆಗ ನಾನು ಇಸ್ಪೀಟ್ ರಾಣಿಯನ್ನು ಕೆಳಗಿಟ್ಟು, ಗುಂಡಿ ಸರಿಸಿ ಒಂಬತ್ತನ್ನು ಎತ್ತಿ ತೋರಿಸಿದೆ. ಕೈಯ ರಾಣಿ, ಒಂಬತ್ತು, ನಡುವಿನ ನಾಲ್ಕು, ಎಂಟು, ಎರಡು, ಐದೂ ಆಟಿನ್. ಸಾಲಿಗಿಂತ ಅದು ದೊಡ್ಡದು. "ಗೆದ್ದೆ" ಎಂದೆ. ಜೋರಾಗಿಯೇ ಅಂದೆ. ಕದಿಯುವವನು ಎಲ್ಲರೂ ನೋಡುತ್ತಿರುವಾಗ ಹೀಗೆ ಕದಿಯುತ್ತಾನೆಯೇ, ತಾವೇ ಹೇಳಿ.

ಬ್ಯಾಟರಿ ಅಣ್ಣ ನನ್ನ ಮಣಿಕಟ್ಟು ಹಿಡಿದು, "ಲೋ, ಹೆಣ ಎದ್ದು ಕೂತ್ಕೊಂಡ್ತಲ್ಲೋ!" ಎಂದರು. ಆ ರೂಮಿನಲ್ಲಿ ಗುಂಡಿ ಇಟ್ಟ ಎಲೆ ಸತ್ತ ಎಲೆಯಂತೆ. ಮತ್ತೆ ಮುಟ್ಟುವಂತಿಲ್ಲವಂತೆ. ಅದು ನನಗೆ ಗೊತ್ತಾಗಿದ್ದು ಆ ಕ್ಷಣದಲ್ಲಿ. ನನಗೆ ಹೀಗೆ ಕಲಿಸಿದ್ದಾರೆ ಎಂದೆ. "ಯಾರು ಕಲ್ಸಿದ್ದು, ಜೇಬುಗಳ್ಳರಾ?" ಎಂದರು. ನಮ್ಮ ಯಜಮಾನರು ನಗಲಿಲ್ಲ. ಅಂಗೈ ಚಾಚಿ, "ಕೀ ಇಲ್ಲಿಡು. ಎಲೆ ಎತ್ತೋ ಕೈ ನಾಳೆ ಗಲ್ಲಾಪೆಟ್ಟಿಗೆಗೂ ಹೋಗುತ್ತೆ" ಎಂದರು.

ನಾನು ಭಾವನ ಕಡೆ ತಿರುಗಿ, "ಭಾವ, ಹೇಳಿ" ಎಂದೆ. ಅವರು ನೀರಿನ ಬಾಟಲಿಯ ಮೇಲಿನ ಚೀಟಿಯನ್ನು ಉಗುರಿನಿಂದ ಸುಲಿಯುತ್ತಿದ್ದರು. ಪೂರ್ತಿ ಸುಲಿದರು. ಆಮೇಲೆ, "ನೋಡ್ಕೊಂಡು ಆಡ್ಬೇಕಪ್ಪಾ" ಎಂದರು.

ಅವರು ಆ ರೂಮಿನಲ್ಲಿ ಮೊದಲೂ ಆಡಿದ್ದಾರೆ. ಅಲ್ಲಿಯ ನಿಯಮ ಅವರಿಗೆ ಗೊತ್ತು. ನನಗೆ ಹೇಳಲು ಮರೆತರೋ, ಹಡಗಿನ ಆಟವೇ ಸರಿ ಎಂದುಕೊಂಡರೋ ನನಗೆ ತಿಳಿಯದು. ತಿಳಿಯದ್ದನ್ನು ನಾನು ಹೇಳುವುದಿಲ್ಲ. ಬ್ಯಾಟರಿ ಅಣ್ಣ ಅವರಿಗೆ ಕೆಲಸ ಕೊಟ್ಟವರು, ಅದು ತಿಳಿದಿದೆ.

ನಾನು ಕೀ ಕೊಡಲಿಲ್ಲ. ಎದ್ದು ಹೊರಗೆ ಬಂದು ಬಾಗಿಲು ಬಡಿದೆ. ಬಾಗಿಲಿಗೆ ಮೇಲರ್ಧ ಗಾಜು. ಗಾಜು ಒಡೆಯಿತು. ನನ್ನ ಹಿಂದೆಯೇ ಬೈಯುತ್ತಾ ಬರುತ್ತಿದ್ದ ಬ್ಯಾಟರಿ ಅಣ್ಣನ ಹಣೆಗೆ ಚೂರು ತಗುಲಿ ರಕ್ತ ಬಂತು. ಗಾಜಿನಿಂದ ಹೊಡೆದೆ ಎಂದು ದೂರಿನಲ್ಲಿರುವುದು ಸುಳ್ಳು. ಬಾಗಿಲು ಬಡಿದಿದ್ದು ನಿಜ.

ಈಗ ಭಾವ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ನಾನು ಒಳಗೆ ಬರುವಾಗ, "ತಪ್ಪಾಯ್ತು, ಆಸೆಗೆ ಎತ್ಕೊಂಡೆ ಅಂತ ಬರ್ಕೊಟ್ಬಿಡು, ಬ್ಯಾಟರಿ ಅಣ್ಣ ದೂರು ವಾಪಸ್ ತಗೋತಾರೆ, ಮಾತಾಡಿದ್ದೀನಿ" ಎಂದು ಕಿವಿಯಲ್ಲಿ ಹೇಳಿದರು. ಬರೆದುಕೊಡುವುದಿಲ್ಲ. ಗಾಜು ನಾನೇ ಹಾಕಿಸುತ್ತೇನೆ. ಹಣೆಯ ಗಾಯಕ್ಕೆ ಕ್ಷಮೆಯನ್ನೂ ಕೇಳುತ್ತೇನೆ. ಆದರೆ ಕಳ್ಳ ಎಂದು ಬರೆದರೆ ಯಾವ ಅಂಗಡಿಯವನೂ ನನ್ನ ಕೈಗೆ ಕೀ ಕೊಡುವುದಿಲ್ಲ. ಹಾಗೆ ಕಲಿಸಿದ್ದು ತಾವೇ ಎಂದು ಭಾವ ಒಂದೇ ಒಂದು ಮಾತು ಹೇಳಲಿ, ಸಾಕು. ಅವರನ್ನು ಕರೆದು ಕೇಳಿ.

ಇಷ್ಟೂ ನಾನು ಹೇಳಿದ್ದೇ, ಯಾರೂ ಹೇಳಿಕೊಟ್ಟಿದ್ದಲ್ಲ. ಓದಿ ಹೇಳುತ್ತೇವೆ ಎಂದರು, ಬೇಡ ಎಂದೆ. ನನಗೆ ಓದಲು ಬರುತ್ತದೆ. ನಾನೇ ಓದಿ, ನಿಜವಿದೆ ಎಂದು ಸಹಿ ಹಾಕಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಘಟನೆಯ ಮರುದಿನ, ಬೆಳಿಗ್ಗೆ
(ಹೇಳಿಕೆದಾರರ ಸಹಿ)

ಹೆಡ್ ಕಾನ್‌ಸ್ಟೇಬಲ್ ಟಿಪ್ಪಣಿ: ಹೇಳಿಕೆದಾರರ ಎದುರಿಗೇ ಅವರ ಭಾವನನ್ನು ಒಳಗೆ ಕರೆದು, ಆಟ ಕಲಿಸಿದ್ದು ನೀವೇನಾ ಎಂದು ಕೇಳಲಾಯಿತು. ದೂರುದಾರರು ಹೊರಗೆ ಸ್ಕೂಟರಿನ ಮೇಲೆ ಕಾಯುತ್ತಿದ್ದು, ಕಿಟಕಿಯಿಂದ ಕಾಣುತ್ತಿದ್ದರು. ಭಾವ ಆ ಕಡೆ ಒಮ್ಮೆ ನೋಡಿ, "ಊಟ ಆದ್ಮೇಲೆ ಏನೋ ಸುಮ್ನೆ ಎಲೆ ಹಾಕ್ತಿದ್ವಿ ಸಾರ್. ಕಲಿಸೋದೇನು ಬಂತು" ಎಂದರು.

ಹೇಳಿಕೆದಾರರು ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟು, "ಯಜಮಾನ್ರಿಗೆ ತಲುಪಿಸಿ ಸಾರ್. ಎಡಗಡೆ ಬೀಗಾನ ಸ್ವಲ್ಪ ಮೇಲೆತ್ತಿ ತಿರುಗಿಸ್ಬೇಕು, ಇಲ್ಲಾಂದ್ರೆ ಕಚ್ಕೊಳ್ಳುತ್ತೆ. ಅವ್ರಿಗೆ ಗೊತ್ತಿಲ್ಲ" ಎಂದರು. ನಂತರ ಭಾವನಿಗೆ, "ಅಕ್ಕನ ಮುಂದೆನೂ ಇದನ್ನೇ ಹೇಳಿ ಭಾವ" ಎಂದು ಹೇಳಿ ಎದ್ದು ಹೋದರು.

ಹೋಗುವಾಗ ಬಾಗಿಲನ್ನು ಬಡಿದರು. ಠಾಣೆಯ ಬಾಗಿಲು ಪೂರ್ತಿ ಮರದ್ದು. ಯಾರಿಗೂ ಗಾಯವಾಗಿಲ್ಲ.