ಬೆನ್ನ ಹಿಂದೆ ಅಡಗಿದ ಶೂರ

ಒಂದು ದೇಶದಲ್ಲಿ ಒಬ್ಬ ಶೂರ ಇದ್ದ. ಅವನು ಓಡುತ್ತಿದ್ದದ್ದು ನೆಲದ ಮೇಲಲ್ಲ, ಮಂಜುಗಡ್ಡೆಯ ಮೇಲೆ. ಕಾಲಿಗೆ ಬೂಟು, ಬೂಟಿನ ಅಡಿಗೆ ಮೊಳದುದ್ದದ ಕತ್ತಿಯಂಥ ಪಟ್ಟಿ. ನಗಬೇಡಿ, ಅದಕ್ಕೆ ಸ್ಕೇಟಿಂಗ್ ಎನ್ನುತ್ತಾರೆ. ಭಕ್ತರೊಬ್ಬರ ಮನೆಯ ಟಿ.ವಿ.ಯಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಅವನ ವೇಗ ಎಂಥದು ಗೊತ್ತೇ? ಅವನು ಮುಂದೆ ಹೋದ ಎಷ್ಟೋ ಹೊತ್ತಿನ ಮೇಲೆ ಅವನ ನೆರಳು ಏದುಸಿರು ಬಿಡುತ್ತಾ ಬರುತ್ತಿತ್ತು. ಆ ಊರಿನ ಚಳಿ ಎಂಥದು ಗೊತ್ತೇ? ಅಲ್ಲಿ ಚಹಾ ಕುಡಿಯುವುದಿಲ್ಲ, ಕಡಿಯುತ್ತಾರೆ. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ಪೂರ್ತಿ ಹೇಳಿದರೆ ನೀವು ಕುಳಿತಲ್ಲೇ ಕಂಬಳಿ ಕೇಳುತ್ತೀರಿ.

"ಅಜ್ಜಾರ, ಅವರು ಜಾರಿ ಬೀಳೂದಿಲ್ಲೇನ್ರಿ?" ಎಂದು ಪ್ರವಚನದ ಮುಂದಿನ ಸಾಲಿನಿಂದ ಬಾಳವ್ವ ಕೇಳುತ್ತಿದ್ದಾಳೆ. ಬೀಳುತ್ತಾರವ್ವ, ಯಾಕೆ ಬೀಳುವುದಿಲ್ಲ? ಒಬ್ಬ ಬಿದ್ದರೆ ಹಿಂದಿನ ನಾಲ್ವರು ಅವನ ಮೇಲೆ. ಅದಕ್ಕೇ ತಲೆಗೆ ಹೆಲ್ಮೆಟ್ಟು. ನಮ್ಮ ಹಾಗೆ ಪೊಲೀಸರು ಕಂಡಾಗ ಮಾತ್ರ ತಲೆಗೇರುವ ಹೆಲ್ಮೆಟ್ಟಲ್ಲ ಅದು.

ಈ ಶೂರ ಜಗತ್ತಿನ ದೊಡ್ಡ ಪಂದ್ಯಕ್ಕೆ ಮೂರು ಸಲ ಹೋಗಿದ್ದ, ಮೂರು ಸಲವೂ ಎರಡನೆಯವನಾಗಿಯೇ ಬಂದಿದ್ದ. ಮೊದಲ ಸಲ ಒಂದು ಮಾರು ದೂರದಲ್ಲಿ ಸೋತ. ಮರು ಸಲ ಒಂದು ಗೇಣು. ಮೂರನೆಯ ಸಲ ಮೂಗಿನ ತುದಿಯ ಬೆವರಹನಿಯಷ್ಟು. ನಾಲ್ಕನೆಯದೇ ಕಡೆಯದು. ಮೊಣಕಾಲು ನೋಡಿದ ಡಾಕ್ಟರು ಹೇಳಿಬಿಟ್ಟಿದ್ದರು: "ಇದೊಂದ ಪಂದ್ಯ ಓಡು ತಮ್ಮಾ. ಆಮ್ಯಾಲ ಬೂಟು ಗೂಟಕ್ಕ ಹಾಕು." ಆ ದೇಶದ ಡಾಕ್ಟರು ಹೀಗೆ ಮಾತಾಡುತ್ತಾರೆಯೇ ಎಂದು ಕೇಳಬೇಡಿ. ಅವರ ಭಾಷೆ ನನಗೆ ಬರುವುದಿಲ್ಲ. ಆದರೆ ಮನುಷ್ಯನ ಮನಸ್ಸು ಎಲ್ಲ ದೇಶದಲ್ಲೂ ನಮ್ಮ ಕನ್ನಡದಲ್ಲೇ ಮಾತಾಡುತ್ತದೆ.

ಈಗ ಪಂದ್ಯದ ರೀತಿ ಕೇಳಿ. ಕೋಳಿಮೊಟ್ಟೆಯ ಆಕಾರದ ದಾರಿ, ಅದರಲ್ಲಿ ಹದಿನಾರು ಸುತ್ತು. ಎಲ್ಲರೂ ಒಟ್ಟಿಗೇ ಹೊರಡಬೇಕು. ಮೊದಲ ಸುತ್ತಿನಲ್ಲಿ ಜೋರು ಮಾಡುವಂತಿಲ್ಲ. ಆಮೇಲೆ ಯಾರು ಯಾವಾಗ ಬೇಕಾದರೂ ನುಗ್ಗಬಹುದು. ಆದರೆ ನೋಡಿ, ಅಲ್ಲೊಂದು ಗುಟ್ಟಿದೆ. ಮುಂದೆ ಹೋಗುವವನು ಗಾಳಿಯನ್ನು ಎದೆಯಿಂದ ಸೀಳುತ್ತಾ ಹೋಗಬೇಕು. ಅವನ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಗಾಳಿಯ ಕಾಟವೇ ಇಲ್ಲ. ಮುಂದಿನವನು ದಣಿಯುತ್ತಾನೆ, ಹಿಂದಿನವನು ಆರಾಮ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಹಿಂದಿನವನು ಚಿಮ್ಮಿ ಗೆಲ್ಲುತ್ತಾನೆ. ನಮ್ಮ ಶೂರ ಈ ವಿದ್ಯೆಯಲ್ಲಿ ಎಷ್ಟು ನಿಪುಣ ಎಂದರೆ, ಮನೆಯಿಂದ ಅಂಗಡಿಗೆ ಹೋಗುವಾಗಲೂ ಮುಂದೆ ಯಾರಾದರೂ ದಪ್ಪನೆಯವರು ಸಿಗುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದ.

ಪಂದ್ಯ ಶುರುವಾಯಿತು. ಶೂರನಿದ್ದಾನೆ. ಅವನಷ್ಟೇ ಬಲದ ಇನ್ನಿಬ್ಬರು, ಒಬ್ಬ ಉದ್ದನೆಯವ, ಒಬ್ಬ ಕುಳ್ಳ. ಉಳಿದ ಹತ್ತು ಹದಿನೈದು ಮಂದಿ ಈ ಮೂವರ ಹಿಂದೆ. ಎರಡನೆಯ ಸುತ್ತು ಆಗುತ್ತಿದ್ದಂತೆ ಸಾಲಿನ ಬಾಲದಿಂದ ಒಬ್ಬ ಪೋರ ಹೊರಬಂದ, ಎಲ್ಲರನ್ನೂ ದಾಟಿದ, ಹೊರಟೇಬಿಟ್ಟ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ದೇಶದಲ್ಲಿ ಮಂಜುಗಡ್ಡೆ ಎಂದರೆ ಫ್ರಿಜ್ಜಿನ ಮೇಲಿನ ಖಾನೆ, ಅಷ್ಟೇ. ಗಾಲಿಯ ಬೂಟು ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಬಸ್ಸುಗಳ ನಡುವೆ ಕಲಿತವನು.

ಬಲಶಾಲಿಗಳು ನಕ್ಕರು.

"ಹೋಗ್ಲಿ ಬಿಡೋ. ನಾಕ ಸುತ್ತಿನ್ಯಾಗ ಕಣ್ಣು ಮ್ಯಾಲ ಮಾಡ್ತಾನ," ಎಂದ ಉದ್ದನೆಯವ.

"ಹಾದ್ಯಾಗ ಸಿಕ್ಕಾಗ ನೀರು ಕುಡಸೂಣಂತ," ಎಂದ ಕುಳ್ಳ.

ನಾಲ್ಕು ಸುತ್ತು ಆಯಿತು. ಪೋರನ ಕಣ್ಣು ಮೇಲಾಗಲಿಲ್ಲ. ಏಳನೆಯ ಸುತ್ತಿಗೆ ಅವನು ಕಾಲು ಸುತ್ತು ಮುಂದಿದ್ದ. ಈಗ ಶೂರನ ನಗು ನಿಂತಿತು. ಪೋರನನ್ನು ಹಿಡಿಯುವುದು ಕಷ್ಟವಿರಲಿಲ್ಲ. ಯಾರಾದರೂ ಒಬ್ಬರು ಮುಂದೆ ನಿಂತು ಎರಡು ಸುತ್ತು ಗಾಳಿ ಸೀಳಿದರೆ ಸಾಕಿತ್ತು. ಆದರೆ ಯಾರು?

"ಹಿಡೀರೋ ಯಾರರೆ ಅವನ್ನ," ಎಂದ ಶೂರ.

"ನೀನ ಹಿಡಿಯಲ್ಲ. ಕಾಲು ಸವದಾವೇನು?" ಎಂದ ಉದ್ದನೆಯವ.

"ನಾ ಮುಂದ ಹೋಗ್ತೀನಿ, ನೀವು ನನ್ನ ಬೆನ್ನಿಗೆ ಕುಂತು ಬರ್ತೀರಿ. ಕಡೀ ಸುತ್ತಿನ್ಯಾಗ ಟಣ್ಣಂತ ಹಾರಿ ಬಂಗಾರದ ಪದಕ ಒಯ್ತೀರಿ. ನಾ ಏನು ನಿಮ್ಮ ಗಾಳಿ ಕಾಯೂ ಆಳೇನು?" ಎಂದ ಶೂರ.

"ಅದನ್ನ ನಾನೂ ಹೇಳೂದು," ಎಂದ ಕುಳ್ಳ. "ಅವಾ ಮೊದಲ ಹೋಗ್ಲಿ, ಆಮ್ಯಾಲ ನಾ."

"ಇಬ್ರೂ ಹೋಗ್ರಿ. ನಿಮ್ಮ ಹಿಂದ ನಾ ಅದೀನಿ," ಎಂದ ಉದ್ದನೆಯವ. ಎಷ್ಟು ದೊಡ್ಡ ಮನಸ್ಸು ನೋಡಿ.

ಹೀಗೆ ಒಬ್ಬರನ್ನೊಬ್ಬರು ನೋಡುತ್ತಾ ಮೂವರೂ ನಿಧಾನ ಮಾಡಿದರು. ಹಿಂದಿನ ಹತ್ತು ಹದಿನೈದು ಮಂದಿಯೂ ಇವರ ಬೆನ್ನಿನ ಮರೆ ಬಿಟ್ಟು ಬರಲಿಲ್ಲ. ಎಷ್ಟು ನಿಧಾನ? ಜಗತ್ತಿನ ಅತಿ ವೇಗದ ಮೂವರು ಗಂಡಸರು ಹೋಗುತ್ತಿದ್ದ ರೀತಿಗೆ ಪ್ರೇಕ್ಷಕರಲ್ಲಿ ಅರ್ಧ ಮಂದಿ ಎದ್ದು ಹೋಗಿ, ಊಟ ಮಾಡಿ, ಕೈ ತೊಳೆದು, ಅಡಿಕೆ ಎಲೆ ಹಾಕಿಕೊಂಡು ಬಂದು ಕುಳಿತರೂ ಅವರು ಅದೇ ತಿರುವಿನಲ್ಲಿದ್ದರು. ಕಟಕಟೆಯ ಆಚೆಯಿಂದ ಶೂರನ ಗುರು ಕೂಗಿ ಕೂಗಿ ಗಂಟಲು ಹರಿದುಕೊಂಡ: "ಅವನ್ನ ನೋಡಬ್ಯಾಡೋ, ಮುಂದ ನೋಡು. ಹೋಗು, ನೀನ ಹೋಗು." ಶೂರನಿಗೆ ಕೇಳಿಸಿತು. ಆದರೂ ಅವನು ನೋಡಿದ್ದು ಕುಳ್ಳನ ಕಡೆಗೇ. ನಾನು ಹೋದರೆ ಇವನಿಗೆ ಲಾಭವಾದೀತಲ್ಲ ಎಂಬ ಸಂಕಟ. ತಾನು ಸೋಲುವ ಭಯಕ್ಕಿಂತ ಪಕ್ಕದವನಿಗೆ ಪುಕ್ಕಟೆ ಸಿಗುವ ಭಯ ದೊಡ್ಡದಾಗಿತ್ತು.

ಹದಿನೈದು ಸುತ್ತು ಮುಗಿಯಿತು. ಪೋರ ಅರ್ಧ ಸುತ್ತಿಗೂ ಹೆಚ್ಚು ಮುಂದಿದ್ದ. ಕೊನೆಯ ಸುತ್ತಿನ ಗಂಟೆ ಬಾರಿಸಿತು. ಆಗ ಹೊರಟ ನೋಡಿ ನಮ್ಮ ಶೂರ. ಮಂಜುಗಡ್ಡೆಯಿಂದ ಕಿಡಿ ಹಾರಿತು. ಮೇಲಿನ ದೀಪಗಳು ಓಲಾಡಿದವು. ಉದ್ದನೆಯವನೂ ಕುಳ್ಳನೂ ನಿಂತ ಕಂಬಗಳ ಹಾಗೆ ಹಿಂದೆ ಸರಿದರು. ಅಂಥ ಒಂದು ಸುತ್ತನ್ನು ಅಲ್ಲಿ ಯಾರೂ ಓಡಿರಲಿಲ್ಲ. ಅವನು ಗೆರೆ ಮುಟ್ಟಿದ. ಆಗ ಪೋರ ಆಗಲೇ ಹೆಲ್ಮೆಟ್ಟು ತೆಗೆದು, ಮಂಜುಗಡ್ಡೆಯ ಮೇಲೆ ಅಂಗಾತ ಮಲಗಿ, ಬಾಯಿ ತೆರೆದುಕೊಂಡು ಉಸಿರು ಹುಡುಕುತ್ತಿದ್ದ.

ಶೂರ ನಾಲ್ಕನೆಯ ಸಲವೂ ಎರಡನೆಯವನೇ.

ಅವನು ಪೋರನ ಹತ್ತಿರ ಹೋಗಿ ನಿಂತ. "ತಮ್ಮಾ, ನಾ ನಿನಗಿಂತ ಜೋರದೀನಿ," ಎಂದ.

"ಹೌದ್ರಿ ಅಣ್ಣಾರ," ಎಂದ ಪೋರ, ಮಲಗಿದಲ್ಲಿಂದಲೇ. "ಅದು ಗೊತ್ತಿತ್ತು ಅಂತನ ಮೊದಲ ಹೊಂಟೆ. ನಿಮ್ಮ ಕೂಡ ಕಡೀ ಸುತ್ತಿಗೆ ನಿಂತಿದ್ರ ನನಗ ಏನೂ ಸಿಗ್ತಿರಲಿಲ್ಲ."

ಬೂಟು ಬಿಚ್ಚುವ ಕೋಣೆಯಲ್ಲಿ ಗುರು ಬಂದು ಶೂರನ ಪಕ್ಕ ಕುಳಿತ. ಬಯ್ಯಲಿಲ್ಲ. ಶೂರನೇ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ: "ಗುರುಗಳ, ಇನ್ನೂ ನಾಕ ಸುತ್ತಿನ ದಮ್ಮು ಒಳಗ ಉಳದೈತಿ. ಇದನ್ನ ಎಲ್ಲಿ ಒಯ್ದು ಇಡ್ಲಿ?"

ಗುರು ಅವನ ಬೂಟು ತೆಗೆದು ಗೂಟಕ್ಕೆ ಹಾಕಿದ. ಇನ್ನೊಂದು ಪಂದ್ಯ ಇರಲಿಲ್ಲ.

ಇಲ್ಲಿಯವರೆಗೆ ಚೆನ್ನಾಗಿ ನಕ್ಕಿರಿ. ಈಗ ನನ್ನ ಕಡೆ ನೋಡಿ. ಆ ಮೂವರು ಪರದೇಶದವರೇ? ನಮ್ಮ ಮಠದ ಹಿಂದಿನ ಓಣಿಯ ಗಟಾರು ಕಟ್ಟಿಕೊಂಡು ಎಂಟು ತಿಂಗಳಾಯಿತು. ಅಲ್ಲಿನ ಸೊಳ್ಳೆಗಳು ಈಗ ಕೋಳಿಯಷ್ಟು ಬೆಳೆದಿವೆ, ಇನ್ನೊಂದು ತಿಂಗಳಿಗೆ ಮೊಟ್ಟೆ ಮಾರಬಹುದು. ಓಣಿಯಲ್ಲಿ ಹನ್ನೊಂದು ಮನೆ, ಹನ್ನೊಂದು ಸಲಿಕೆ. ಕೇಳಿದರೆ ಎಲ್ಲರದೂ ಒಂದೇ ಮಾತು: ಎದುರು ಮನೆಯವರು ಶುರು ಮಾಡಲಿ, ನಾವು ಹಿಂದೆ ಇದ್ದೇವೆ. ನಾನು ತೆಗೆದರೆ ಅವರ ಬಾಗಿಲೂ ಸ್ವಚ್ಛವಾಗುತ್ತದಲ್ಲ. ಆಗಲಿ ಬಿಡಿ. ನಿಮ್ಮ ಬಾಗಿಲು ಆಗುವುದಿಲ್ಲವೇ?

ಇನ್ನೊಂದು ಮಾತಿದೆ. ಈ ಸಭೆಯಲ್ಲಿ ಅಣ್ಣತಮ್ಮಂದಿರಿಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ, ನೀವೂ ಕತ್ತು ತಿರುಗಿಸಬೇಡಿ. ಆರು ವರ್ಷದಿಂದ ಮಾತಿಲ್ಲ. ಅಣ್ಣ ನನ್ನ ಹತ್ತಿರ ಬಂದು, "ಸಣ್ಣಾವ ಅವನ, ಮೊದಲ ಅವ ಮಾತಾಡ್ಲಿರಿ ಅಜ್ಜಾರ," ಎನ್ನುತ್ತಾನೆ. ತಮ್ಮ ಬಂದು, "ದೊಡ್ಡಾವ ಅಂವ, ಅವನ ಕರೀಲಿ," ಎನ್ನುತ್ತಾನೆ. ಇಬ್ಬರ ಎದೆಯಲ್ಲೂ ಮಾತು ತುಂಬಿದೆ. ಇಬ್ಬರೂ ಪಕ್ಕದವನ ಮುಖ ನೋಡುತ್ತಾ ಸುತ್ತು ಕಳೆಯುತ್ತಿದ್ದಾರೆ. ಎಷ್ಟನೆಯ ಸುತ್ತು ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಶೂರನಿಗಾದರೂ ಗಂಟೆ ಕೇಳಿಸಿತು. ನಮಗೆ ಅದನ್ನೂ ಬಾರಿಸುವುದಿಲ್ಲ.

ಮುಂದೆ ಹೋದವನ ಎದೆಗೆ ಗಾಳಿ ಬಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಬೆನ್ನಿನ ಮರೆಯಲ್ಲಿ ಯಾರೋ ಒಬ್ಬ ಸುಖವಾಗಿ ಬರುತ್ತಾನೆ, ಅದೂ ನಿಜ. ಬರಲಿ. ನಾಳೆಯಿಂದ ಯಾವ ಕೆಲಸಕ್ಕೆ ನಿಮ್ಮ ಬಾಯಲ್ಲಿ "ಅವ ಮೊದಲ ಮಾಡ್ಲಿ" ಎಂಬ ಮಾತು ಬರುತ್ತದೋ, ಆ ಕೆಲಸ ನಿಮ್ಮದು ಎಂದು ತಿಳಿಯಿರಿ, ಎದ್ದು ಮಾಡಿ. ಗಟಾರಿಗೆ ಬೆಳಿಗ್ಗೆ ಸಲಿಕೆ ತನ್ನಿ.

ಆ ಅಣ್ಣತಮ್ಮಂದಿರಿಗೆ ಮಾತ್ರ ನಾಳೆಯ ತನಕ ಸಮಯ ಕೊಡುವುದಿಲ್ಲ. ಮಂಗಳಾರತಿ ಆದ ಮೇಲೆ ಇಬ್ಬರೂ ಹೊರಗೆ ಚಪ್ಪಲಿ ಹುಡುಕಲು ಬಗ್ಗುತ್ತೀರಿ. ಬರುವಾಗ ನಾನು ನೋಡಿದ್ದೇನೆ, ಎರಡು ಜೊತೆಯೂ ಒಂದೇ ಮೆಟ್ಟಿಲ ಮೇಲಿವೆ. ಆಗ ಪಕ್ಕದವನು ಏನು ಮಾಡುತ್ತಾನೆ ಎಂದು ನೋಡಬೇಡಿ. "ಊಟಕ್ಕ ಮನೀಗೆ ಬಾ" ಎನ್ನಿ. ಯಾರು ಎಂದು ಕೇಳುತ್ತೀರಾ? ಈಗ ಈ ಮಾತು ಯಾರ ಕಿವಿಗೆ ಬಿತ್ತೋ, ಅವನೇ.