ಮೂವತ್ತೇಳನೆಯ ಪುಟ

ಮಾನ್ಯ ಅಧ್ಯಕ್ಷರೇ, ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಮಾಡಿ, ಇಂದು ಸೇತುವೆ ಕಟ್ಟುವ ಎಂಜಿನಿಯರ್ ಆಗಿ ಈ ವೇದಿಕೆಯಲ್ಲಿ ಎಚ್ಚರವಾಗಿ ಕೂತಿರುವ ಮುಖ್ಯ ಅತಿಥಿಗಳೇ, ಮುಖ್ಯೋಪಾಧ್ಯಾಯಿನಿಯವರೇ, ಸಹೋದ್ಯೋಗಿಗಳೇ, ಎರಡನೆಯ ಸಾಲಿನಲ್ಲಿರುವ ನನ್ನ ಮನೆಯವರೇ, ಸೋಮವಾರ ಬೆಳಗ್ಗೆ ಗಣಿತದ ಪರೀಕ್ಷೆ ಬರೆಯಲಿರುವ ನನ್ನ ನಲವತ್ನಾಲ್ಕು ಮಕ್ಕಳೇ, ಸಭಿಕರೇ,

ಇಪ್ಪತ್ತಾರು ವರ್ಷ ಕಲನಶಾಸ್ತ್ರ ಕಲಿಸಿದವನು ಎಂದು ನನ್ನನ್ನು ಹೊಗಳಿದಿರಿ. ನನ್ನ ಟಿಪ್ಪಣಿಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿಸಿದಿರಿ. ಐನೂರು ಪ್ರತಿ ಆ ಮೇಜಿನ ಮೇಲೆ ರಿಬ್ಬನ್ ಕಟ್ಟಿಸಿಕೊಂಡು ಕೂತಿವೆ, ಅಧ್ಯಕ್ಷರ ಕೈಯಲ್ಲಿ ಕತ್ತರಿ ಇದೆ. ಅಧ್ಯಕ್ಷರೇ, ಆ ಕತ್ತರಿಯನ್ನು ದಯವಿಟ್ಟು ಸ್ವಲ್ಪ ಹೊತ್ತು ಕೆಳಗಿಡಿ. ನಗಬೇಡಿ ಮಕ್ಕಳೇ, ನಿಜವಾಗಿಯೂ ಕೆಳಗಿಡಲಿ.

ನಾನೊಂದು ಕಥೆ ಹೇಳಬೇಕು. ಅದನ್ನು ಮೊದಲು ಹೇಳಿದವನು ನಾನಲ್ಲ. ಹೇಳಿದವಳು ನಮ್ಮ ಕೊನೆಯ ವರ್ಷದ ತರಗತಿಯ ಮೂರನೆಯ ಬೆಂಚಿನ ಹುಡುಗಿ. ಹೇಳಿದ್ದು ಐದು ತಿಂಗಳ ಹಿಂದೆ, ಒಂದು ಮಂಗಳವಾರ, ಎರಡನೆಯ ಪೀರಿಯಡ್ಡಿನಲ್ಲಿ. ಆಗ ಅದು ಕಥೆ ಎಂದು ನನಗೆ ತಿಳಿಯಲಿಲ್ಲ. ಅಧಿಕಪ್ರಸಂಗ ಎಂದುಕೊಂಡೆ.

ಆ ಹುಡುಗಿಗೆ ಸ್ಟಾಫ್ ರೂಮಿನಲ್ಲಿ ನಾವಿಟ್ಟ ಹೆಸರು ‘ಆದ್ರೆ’. ಯಾಕೆಂದರೆ ಅವಳು ಬಾಯಿ ತೆರೆದರೆ ಮೊದಲು ಬೀಳುವ ಮಾತೇ ‘ಆದ್ರೆ ಸಾರ್’. ರಸಾಯನಶಾಸ್ತ್ರದ ಮೇಡಂ ದಿನಾ ಕೇಳೋರು, “ಇವತ್ತು ಆದ್ರೆ ಎಷ್ಟು ಸಲ ಎದ್ದಳು ಮೇಷ್ಟ್ರೇ?” ನಾನು ಬೆರಳು ಮಡಚಿ ತೋರಿಸುತ್ತಿದ್ದೆ.

ಅಂದು ನಾನು ಕಲಿಸುತ್ತಿದ್ದದ್ದು ಗರಿಷ್ಠ, ಕನಿಷ್ಠ. ಗಣಿತ ಬಾರದವರು ಹೆದರಬೇಡಿ, ಅದು ಇಷ್ಟೇ: ಒಂದು ವಕ್ರರೇಖೆ ಏರುತ್ತದೆ, ಇಳಿಯುತ್ತದೆ. ಯಾವ ಜಾಗದಲ್ಲಿ ಅದು ಬೆಟ್ಟದ ತುದಿ, ಯಾವ ಜಾಗದಲ್ಲಿ ಕಣಿವೆಯ ತಳ ಎಂದು ಕಂಡುಹಿಡಿಯಬೇಕು. ಅದಕ್ಕೆ ಎರಡು ಸಲ ಅವಕಲನ ಮಾಡಿ ಬಂದ ಉತ್ತರದ ಚಿಹ್ನೆ ಧನವೋ ಋಣವೋ ಎಂದು ನೋಡುತ್ತೇವೆ. ಮಕ್ಕಳಿಗೆ ನೆನಪಿರಲಿ ಎಂದು ನಾನೊಂದು ಪದ ಕಟ್ಟಿದ್ದೆ. ಈಗ ತಾನೇ ಮುಖ್ಯ ಅತಿಥಿಗಳು ಅದನ್ನು ರಾಗವಾಗಿ ಹೇಳಿದರು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ:

ಧನವು ಬಂದರೆ ಕಣಿವೆ, ಋಣವು ಬಂದರೆ ಬೆಟ್ಟ,
ಸೊನ್ನೆ ಬಂದರೆ ಎರಡೂ ಅಲ್ಲ, ಮುಂದೆ ಹೆಜ್ಜೆ ಇಟ್ಟ.

ನೀವು ಚಪ್ಪಾಳೆ ತಟ್ಟುವಾಗ ನಾನು ಈ ಕಾಗದವನ್ನು ಮಡಚುತ್ತಾ ಕೂತಿದ್ದೆ. ನೋಡಿ, ಎಂಟು ಮಡಿಕೆ.

ಅಂದು ಆ ಪದವನ್ನು ಬೋರ್ಡಿನ ಮೇಲೆ ಬರೆದು ಸುತ್ತ ಚೌಕ ಹಾಕಿದೆ. ಅವಳು ಎದ್ದಳು. “ಆದ್ರೆ ಸಾರ್, ಎಕ್ಸ್‌ನ ನಾಲ್ಕನೇ ಘಾತ ತಗೊಂಡ್ರೆ? ಅದು ಸೊನ್ನೆಗಿಂತ ಕೆಳಗೆ ಹೋಗೋದೇ ಇಲ್ವಲ್ಲ. ಎಕ್ಸ್ ಸೊನ್ನೆ ಆದಾಗ ಅದೇ ಎಲ್ಲಕ್ಕಿಂತ ಕಡಿಮೆ ಅಲ್ವಾ? ಆದ್ರೆ ಅಲ್ಲಿ ಎರಡನೇ ಅವಕಲನ ಸೊನ್ನೆ ಬರುತ್ತೆ.”

ಸಭಿಕರೇ, ಒಂದು ನಿಮಿಷದ ಲೆಕ್ಕ ಅದು. ಬೋರ್ಡಿನ ಮೂಲೆಯಲ್ಲಿ ಮಾಡಿ ನೋಡಬಹುದಿತ್ತು. ನೋಡಿದೆನೇ? ನಾನು ಹೇಳಿದೆ, “ಅಮ್ಮಾ ತಾಯಿ, ನಿಯಮ ನಿನ್ನ ಕೇಳಿ ಬರೆದಿಲ್ಲ. ಕೂತ್ಕೊ. ಇಲ್ದಿದ್ರೆ ಎಲ್ಲಕ್ಕಿಂತ ಕಡಿಮೆ ಬರೋದು ನಿನ್ನ ಅಂಕ.” ನಲವತ್ತಮೂರು ಮಕ್ಕಳು ನಕ್ಕರು. ಹಿಂದಿನ ಬೆಂಚಿನಿಂದ ಒಬ್ಬ, “ಏ ಕನಿಷ್ಠಾ, ಕೂತ್ಕೊಳೇ” ಎಂದ. ನಾನೂ ನಕ್ಕೆ.

ನನ್ನ ತರಗತಿಯಿಂದ ಯಾವಾಗಲೂ ನಗು ಕೇಳಿಸುತ್ತಿತ್ತು ಎಂದು ಅತಿಥಿಗಳು ಮೆಚ್ಚಿಕೊಂಡರು. ಹೌದು, ಕೇಳಿಸುತ್ತಿತ್ತು. ಕಳೆದ ಶುಕ್ರವಾರದಿಂದ ನಾನು ಕೂತು ನೆನಪು ಮಾಡಿಕೊಳ್ಳುತ್ತಿದ್ದೇನೆ, ಯಾವ ಯಾವ ಜಾಗದಲ್ಲಿ ನಗಿಸಿದ್ದೆ ಎಂದು. ಒಂದೆರಡು ಕಡೆ ಬಿಟ್ಟರೆ, ಉಳಿದ ಕಡೆಯೆಲ್ಲ ಯಾರೋ ಒಬ್ಬರು ಪ್ರಶ್ನೆ ಕೇಳಿ ನಿಂತಿದ್ದರು... ಇರಲಿ. ಅದು ಬೇರೆ ವಿಷಯ.

ನಮ್ಮಪ್ಪ ಗಾರೆ ಕೆಲಸದವರು. ನೆಲ ಹಾಕಿ ಮುಗಿಸಿದ ಮೇಲೆ ಒಂದು ಚೊಂಬು ನೀರು ಸುರಿದು ಅದು ಎತ್ತ ಹರಿಯುತ್ತದೆ ಎಂದು ಮಂಡಿಯೂರಿ ನೋಡುತ್ತಿದ್ದರು. ಮೇಸ್ತ್ರಿ ರೇಗಿಸೋನು, “ಮಟ್ಟಗೋಲು ಹೇಳಿದ ಮೇಲೂ ನಿನಗೆ ಅನುಮಾನವೇನೋ?” ಅಪ್ಪ ತಲೆ ಎತ್ತದೆ, “ಮಟ್ಟಗೋಲಿಗೇನಣ್ಣ, ಅದು ಈ ಮನೇಲಿ ವಾಸ ಮಾಡುತ್ತಾ?” ಎನ್ನುತ್ತಿದ್ದರು. ಆ ಚೊಂಬು ಹೊರುತ್ತಿದ್ದವನು ನಾನು. ಶಾಲೆಯ ಗೆಳೆಯರು ಆ ದಾರಿಯಲ್ಲಿ ಬಂದರೆ ಅದನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದೆ. ಇದನ್ನು ಯಾಕೆ ಹೇಳಿದೆನೋ. ಬರೆದುಕೊಂಡು ಬಂದದ್ದರಲ್ಲಿ ಇದಿಲ್ಲ. ಆ ನಿಯಮವನ್ನು ನನಗೆ ನನ್ನ ಮೇಷ್ಟ್ರು ಉಕ್ತಲೇಖನದಂತೆ ಬರೆಸಿದರು, ನಾನು ಅದಕ್ಕೆ ಪ್ರಾಸ ಹಚ್ಚಿದೆ, ಅಷ್ಟೇ ಎಂದು ಹೇಳುವುದಿತ್ತು.

ಶುಕ್ರವಾರ ಪುಸ್ತಕದ ಮೊದಲ ಪ್ರತಿ ಮನೆಗೆ ಬಂತು. ಮೂವತ್ತೇಳನೆಯ ಪುಟ ತೆಗೆದೆ. ಪದ ಚೆನ್ನಾಗಿ, ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಖಾಲಿ ಜಾಗ. ಸುಮ್ಮನೆ, ಪೆನ್ನು ಕೈಯಲ್ಲಿತ್ತು ಎಂದು, ಎಕ್ಸ್‌ನ ನಾಲ್ಕನೇ ಘಾತದ ರೇಖೆ ಎಳೆದೆ. ಎಡದಿಂದ ಇಳಿಯಿತು, ತಳದಲ್ಲಿ ಸ್ವಲ್ಪ ದೂರ ಚಪ್ಪಟೆಯಾಗಿ ನಡೆಯಿತು, ಬಲಕ್ಕೆ ಏರಿತು. ಬಟ್ಟಲು. ಎಂಟು ವರ್ಷದ ಮಗುವಿಗೂ ಅದರ ತಳ ಎಲ್ಲಿದೆ ಎಂದು ಗೊತ್ತಾಗುತ್ತದೆ. ಪಕ್ಕದಲ್ಲಿ ನನ್ನ ಪದ ಹೇಳುತ್ತಿದೆ: ಎರಡೂ ಅಲ್ಲ.

ಮನೆಯವರಿಗೆ ತೋರಿಸಿದೆ. ಅವರು ದರ್ಜಿ ಕೆಲಸದವರು. “ಒಂದು ಹೊಲಿಗೆ ತಾನೇ, ಒಳಗೆ ಮಡಚಿಬಿಡಿ” ಎಂದರು. ಐದು ನಿಮಿಷ ಯಂತ್ರ ತುಳಿದು ಮತ್ತೆ ನಿಲ್ಲಿಸಿ ಕೇಳಿದರು, “ಇದು ಪರೀಕ್ಷೆಗೆ ಬರುತ್ತೇನ್ರೀ?” ಆರು ಅಂಕಕ್ಕೆ ಪ್ರತಿ ವರ್ಷ ಬರುತ್ತೆ ಎಂದೆ. ಮತ್ತೆ ಯಂತ್ರದ ಸದ್ದು ಕೇಳಲಿಲ್ಲ.

ಆರು ದಿನ ಆಯಿತು. ದಿನಾ ತರಗತಿಗೆ ಹೋಗಿದ್ದೇನೆ, ದಿನಾ ಹೇಳದೆ ಬಂದಿದ್ದೇನೆ. ಇಂದೂ ಹೇಳದೆ ಇಳಿದುಬಿಡೋಣ ಎಂದು ಮೆಟ್ಟಿಲು ಹತ್ತುವಾಗ ಅನಿಸಿತ್ತು. ಎಂಜಿನಿಯರ್ ಸಾಹೇಬರೇ, ನಿಮ್ಮ ಸೇತುವೆಗಳ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ ಎಂದು ಭಾವಿಸಿದ್ದೇನೆ. ಭಾವಿಸಿದ್ದೇನೆ, ಅಷ್ಟೇ. ಬಿಡುವಾದಾಗ ಒಂದು ಸಲ ನೋಡಿಬಿಡಿ.

ಮಕ್ಕಳೇ, ಪೆನ್ನು ತೆಗೆಯಿರಿ. ಇಲ್ಲದವರು ಪಕ್ಕದವರನ್ನು ಕೇಳಿ. ಸೊನ್ನೆ ಬಂದರೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಬೆಟ್ಟ ಇರಬಹುದು, ಕಣಿವೆ ಇರಬಹುದು, ಎರಡೂ ಅಲ್ಲದಿರಬಹುದು. ಆಗ ಮೊದಲನೆಯ ಅವಕಲನಕ್ಕೆ ಹಿಂತಿರುಗಿ. ಆ ಬಿಂದುವಿನ ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಇಟ್ಟು ನೋಡಿ: ಇಳಿದು ಏರಿದರೆ ಕಣಿವೆ, ಏರಿ ಇಳಿದರೆ ಬೆಟ್ಟ. ಇದಕ್ಕೆ ಪ್ರಾಸ ಇಲ್ಲ. ಬರೆದುಕೊಂಡಿರಾ? ಹಿಂದಿನ ಸಾಲು? ನಾಳೆ, ನಾಡಿದ್ದು ಬೆಳಗ್ಗೆ ಏಳಕ್ಕೆ ನಾನು ತರಗತಿಯಲ್ಲಿರುತ್ತೇನೆ. ಅಧ್ಯಕ್ಷರೇ, ಪುಸ್ತಕಗಳನ್ನು ಹಂಚಬೇಡಿ. ನನಗೆ ತೋರಿಸಿದ ಪ್ರೀತಿ ದೊಡ್ಡದು, ಅದನ್ನು ಕೆಡಿಸುತ್ತಿದ್ದೇನೆ ಎಂದು ಗೊತ್ತು. ಇಪ್ಪತ್ತೈದು ವರ್ಷದ ಹಳೆಯ ಮಕ್ಕಳಿಗೆ ಯಾರು ಹೇಳುತ್ತಾರೆ, ಅದು ಗೊತ್ತಿಲ್ಲ.

ಇನ್ನೊಂದೇ ಮಾತು. ಆ ಮಂಗಳವಾರ ನನ್ನ ಮಾತು ಕೇಳಿಸಿಕೊಂಡವರು ಮರುದಿನ ಬೆಳಗ್ಗೆ ಏನು ಮಾಡಿದರು ಎಂದು ಹೇಳಿ ಮುಗಿಸುತ್ತೇನೆ. ಬುಧವಾರ ನಲವತ್ನಾಲ್ಕು ನೋಟ್‌ಬುಕ್ಕುಗಳು ನನ್ನ ಮೇಜಿಗೆ ಬಂದವು. ನಲವತ್ತಮೂರರಲ್ಲಿ ನನ್ನ ಪದ ಇತ್ತು, ಸುತ್ತ ಚೌಕ ಇತ್ತು. ಆ ಹುಡುಗಿಯ ಪುಟದಲ್ಲಿ ಮೊದಲು ಪೆನ್ಸಿಲ್ಲಿನಲ್ಲಿ ಒಂದು ಬಟ್ಟಲು ಬರೆದು, ರಬ್ಬರಿನಿಂದ ಉಜ್ಜಿ ಅಳಿಸಿದ್ದಳು. ಕಾಗದ ತೆಳುವಾಗಿ ಗೆರೆಯ ಗುರುತು ಕಾಣುತ್ತಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ, ತರಗತಿಯಲ್ಲೇ ಎಲ್ಲರಿಗಿಂತ ಅಂದವಾದ ಅಕ್ಷರದಲ್ಲಿ, ನನ್ನ ಪದವನ್ನೇ ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಸರಿ ಎಂದು ಗುರುತು ಹಾಕಿ, ಸಹಿ ಮಾಡಿ, ತಾರೀಖು ಬರೆದೆ.

ಇಷ್ಟು ಹೊತ್ತು ಸಹಿಸಿಕೊಂಡು ಕೂತ ನಿಮಗೆಲ್ಲ ನನ್ನ ವಂದನೆಗಳು. ಕಂಬದ ಪಕ್ಕ ತಲೆ ತಗ್ಗಿಸಿ ಕೂತಿರುವ ನಿನಗೆ, ಮಗೂ, ಎಲ್ಲರಿಗಿಂತ ಮೊದಲು. ನಮಸ್ಕಾರ.